ಗಂಜಿ ಹಿಡಿದ ಗುಂಡಿಗೆ

ಗುಂಡಿಗೆ ಸೋತಾಗ ಅದು ಯಾಕೆ ಸೋತಿತು ಎಂದು ಹೇಳುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ನಮ್ಮಂಥ ಡಾಕ್ಟರುಗಳಿಗೆ ಉಳಿದದ್ದು ಕೋಲೆ ಬಸವನ ಕೆಲಸ. ಅದು ಹೇಳಬೇಕು, ನಾವು ತಲೆಯಾಡಿಸಬೇಕು. ಯಂತ್ರಕ್ಕೆ ಕಾಗದದ ಮೇಲೆ ಹೃದಯಪಾಲ ಎಂದು ಹೆಸರು. ಕಂಟ್ರೋಲ್ ರೂಮಿನಲ್ಲಿ ನಾವು ಅದನ್ನು ‘ದೊಡ್ಡವರು’ ಎನ್ನುತ್ತಿದ್ದೆವು. ದೊಡ್ಡವರು ಏನಂದರು, ದೊಡ್ಡವರು ಒಪ್ಪಿದರಾ, ದೊಡ್ಡವರ ಮಾತು ಮೀರುವುದುಂಟೇ, ಹೀಗೆ.

ವ್ಯವಸ್ಥೆ ಕೆಟ್ಟದ್ದೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಸುತ್ತಮುತ್ತ ಎಪ್ಪತ್ತು ದಾಟಿದವರೆಲ್ಲರ ಎದೆಯ ಮೇಲೆ ಹಳೇ ರೂಪಾಯಿಯಷ್ಟಗಲದ ಒಂದು ಬಿಲ್ಲೆ ಅಂಟಿರುತ್ತದೆ. ಅದು ಗುಂಡಿಗೆಯ ವಿದ್ಯುತ್ತಿನ ಅಲೆಯನ್ನು ಹಿಡಿಯುತ್ತದೆ, ಶಬ್ದದ ಅಲೆ ಕಳಿಸಿ ಗುಂಡಿಗೆಯ ಗೋಡೆ ಎಷ್ಟು ದಪ್ಪ ಎಂದು ಅಳೆಯುತ್ತದೆ, ಎರಡನ್ನೂ ನಮ್ಮ ರೂಮಿಗೆ ರವಾನಿಸುತ್ತದೆ. ದೊಡ್ಡವರು ಅದನ್ನು ತಾವು ಈವರೆಗೆ ಕಂಡ ಲಕ್ಷಾಂತರ ಗುಂಡಿಗೆಗಳ ಪಕ್ಕದಲ್ಲಿಟ್ಟು, ಯಾವ ಗುಂಪಿಗೆ ಹತ್ತಿರವೋ ಆ ಗುಂಪಿಗೆ ಸೇರಿಸುತ್ತಾರೆ. ನಾನು ‘ಸಮ್ಮತಿ’ ಒತ್ತಿದರೆ ಆಯಿತು, ರೋಗಿಯ ಮನೆಯ ಗೋಡೆಗೆ ಹಾಕಿದ ಡಬ್ಬಿಯಿಂದ ತಕ್ಕ ಮಾತ್ರೆ ಉದುರುತ್ತದೆ. ಎಷ್ಟೋ ಹಿರಿಯರು ಇದರಿಂದ ಬದುಕಿಕೊಂಡಿದ್ದಾರೆ. ನನಗೆ ಮಾತ್ರ ಸಾಕಾಗಿತ್ತು. ನಿವೃತ್ತಿ ಹತ್ತಿರವಿತ್ತು, ಮಂಡಿ ನೋಯುತ್ತಿತ್ತು, ದಿನವಿಡೀ ಹಸಿರು ಗುಂಡಿ ಒತ್ತಿ ಒತ್ತಿ ನನ್ನ ತೋರುಬೆರಳಿಗೇ ನನ್ನ ಮೇಲೆ ಬೇಸರ ಬಂದಿತ್ತು.

ಆ ಬೆಳಗ್ಗೆ ಪರದೆಯಲ್ಲಿ ಕೆಂಪಗಾದ ಹೆಸರು ಚಿಕ್ಕಜವರಯ್ಯ. ವಯಸ್ಸು ಎಪ್ಪತ್ತೊಂಬತ್ತು, ಕಸುಬು ಪೈಲ್ವಾನ. ಬಚ್ಚಲುಮನೆಯಲ್ಲಿ ಎದ್ದು ನಿಲ್ಲುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ದೊಡ್ಡವರ ತೀರ್ಪು ಸಿದ್ಧವಾಗಿತ್ತು. ಗುಂಡಿಗೆಯ ಗೋಡೆ ದಪ್ಪ. ಕಾರಣ, ಕಸರತ್ತು ಮತ್ತು ಹಳೆಯ ಬಿ.ಪಿ. ಮಾತ್ರೆ ಕೊಟ್ಟರೂ ಗುಣ ಕಂಡಿಲ್ಲ, ಆದ್ದರಿಂದ ರೋಗಿ ಮಾತ್ರೆ ನುಂಗುತ್ತಿಲ್ಲ. ಮನೆಯವರಿಗೆ ಎಚ್ಚರಿಕೆ ಕೊಟ್ಟಾಗಿದೆ. ಮಾತ್ರೆಯ ಪ್ರಮಾಣ ಏರಿಸಲು ಸಮ್ಮತಿ ಬೇಕು.

ನಾನು ಬೆರಳು ಎತ್ತಿದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಗಲಾಟೆ ಕೇಳಿಸಿತು.

“ಯಾರಮ್ಮ ಇಲ್ಲಿ ಮಾತ್ರೆ ಡಬ್ಬಿಗೆ ಮಾತು ಕಲ್ಸಿರೋರು?”

ಕಾವಲಿನವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದ ಹೆಂಗಸು ಪೈಲ್ವಾನರ ಹೆಂಡತಿ ಸಣ್ಣತಾಯಮ್ಮ. ಕುಳ್ಳಗೆ, ಗಟ್ಟಿಯಾಗಿ, ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದರು. ಕಂಟ್ರೋಲ್ ರೂಮಿಗೆ ರೋಗಿಯ ಕಡೆಯವರು ಬರುವ ಪದ್ಧತಿಯೇ ಇಲ್ಲ. ಬಂದವರನ್ನು ಎಲ್ಲಿ ಕೂರಿಸಬೇಕೆಂದೂ ನಮಗೆ ಗೊತ್ತಿರಲಿಲ್ಲ. ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ.

“ಕೂತ್ಕೊಳ್ಳಿ ಅಮ್ಮ. ಏನಾಯ್ತು?”

“ಏನಾಯ್ತಾ? ನಮ್ಮನೆ ಗೋಡೆಗೆ ನೇತಾಕವ್ರಲ್ಲ ಡಬ್ಬ, ಅದು ಬೀದಿಗೆಲ್ಲ ಕೇಳೋ ಹಂಗೆ ಸಾರ್ತು, ನಾನು ಗಂಡುಂಗೆ ಮಾತ್ರೆ ಕೊಡ್ತಿಲ್ವಂತೆ. ಪಕ್ಕದ ಮನೆಯೋರು ಇಣುಕಿ ನೋಡುದ್ರು. ಬಾಯಿ ತೆಗ್ಸಿ, ನುಂಗ್ಸಿ, ನಾಲ್ಗೆ ಎತ್ಸಿ ನೋಡ್ತೀನಿ ತಾಯಿ. ನಾನಾ ಕೊಡ್ದೇ ಇರೋಳು?” ಸಿಟ್ಟಿನಲ್ಲಿ ಶುರುವಾದ ಮಾತು ಅಳುವಿನಲ್ಲಿ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡರು. “ಕೊಟ್ಟಷ್ಟೂ ಸುಸ್ತಾಯ್ತಾರೆ. ಮೊದ್ಲು ಬಿ.ಪಿ. ಏರ್ತಿತ್ತು, ನಿಜ. ಈಗ ಎರಡು ವರ್ಸದಿಂದ ತಾನಾಗೇ ಇಳ್ದದೆ. ಮಾದಪ್ಪನ ದಯ ಅನ್ಕಂಡೆ. ನಿಮ್ ಡಬ್ಬ ಇನ್ನೂ ಇಳ್ಸೋ ಮಾತ್ರೇನೇ ಕೊಡ್ತದೆ. ಇನ್ನು ಜಾಸ್ತಿ ಕೊಟ್ರೆ ಅವ್ರು ಉಳಿಯಾಕಿಲ್ಲ. ನಂಗೊತ್ತು.”

ಈಕೆ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ದೊಡ್ಡವರು ತಪ್ಪಿರಬೇಕು. ಸಣ್ಣತಾಯಮ್ಮನ ಮುಖ ನೋಡಿದರೆ ಸುಳ್ಳು ಹೇಳುವಷ್ಟು ಶಕ್ತಿಯೂ ಅದರಲ್ಲಿ ಉಳಿದಿರಲಿಲ್ಲ. ನಾನು ‘ತಡೆ’ ಒತ್ತಿದೆ. ತಡೆ ನಿಲ್ಲುವುದು ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ಡಾಕ್ಟರು ಬೇರೆ ಕಾರಣ ಬರೆಯದಿದ್ದರೆ ದೊಡ್ಡವರ ಮಾತೇ ನಡೆಯುತ್ತದೆ, ಡಬ್ಬಿ ತೆರೆದುಕೊಳ್ಳುತ್ತದೆ.

ಪರದೆಯಲ್ಲಿ ಪೈಲ್ವಾನರ ಗುಂಡಿಗೆಯ ಅಲೆ ಭರ್ಜರಿಯಾಗಿ ಏರಿಳಿಯುತ್ತಿತ್ತು. ಅದರ ಕೆಳಗೆ, ಕನ್ನಡಕ ಸರಿಮಾಡಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ, ‘ಎಣ್ಣೆ ಚರ್ಮ. ಅಲೆ ತಿದ್ದಲಾಗಿದೆ’ ಎಂದಿತ್ತು.

“ಪೈಲ್ವಾನರು ಮೈಗೆ ಎಣ್ಣೆ ಹಚ್ಚುತ್ತಾರಾ?”

“ಹಚ್ದೆ ಮತ್ತೆ? ಗರಡಿ ಮನೆ ಮೈ ಅದು. ಒಂದಿನ ಎಳ್ಳೆಣ್ಣೆ ತಪ್ಪಿದ್ರೆ ಮುನಿಸ್ಕೊತಾರೆ.”

ಬಿಲ್ಲೆ ಸರಿಯಾಗಿ ಅಂಟದಿದ್ದರೆ ಅಲೆ ಸಣ್ಣದಾಗಿ ಬರುತ್ತದೆ. ಆಗ ದೊಡ್ಡವರು ಸದ್ದು ಕಡಿಮೆಯಾದ ರೇಡಿಯೋದ ಕಿವಿ ಹಿಂಡುವ ಹಾಗೆ ಅದನ್ನು ಏರಿಸಿ, ಎಲ್ಲರ ಅಲೆಯಷ್ಟೇ ಎತ್ತರಕ್ಕೆ ತಂದು ನಮಗೆ ತೋರಿಸುತ್ತಾರೆ. ಒಳ್ಳೆಯ ಉಪಕಾರವೇ. ಆದರೆ ಅಲೆ ಸಣ್ಣದಾಗಿದ್ದು ಎಣ್ಣೆಯಿಂದ ಅಲ್ಲದಿದ್ದರೆ? ಗುಂಡಿಗೆಯೇ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರೆ? ಕೆಲಸ ಹೆಚ್ಚಾಗುವ ಪ್ರಶ್ನೆ ಅದು. ಕೇಳಿಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಇ.ಸಿ.ಜಿ. ಪೆಟ್ಟಿಗೆಯನ್ನು ಇಳಿಸಿ, ಸಣ್ಣತಾಯಮ್ಮನ ಜೊತೆ ಆಟೋ ಹತ್ತಿದೆ.

ಅವರ ಮನೆ ಗರಡಿಯ ಎದುರು ಸಾಲಿನಲ್ಲೇ ಇತ್ತು. ಚಿಕ್ಕಜವರಯ್ಯ ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ನಿದ್ದೆಯೂ ಅದೇ ಕುರ್ಚಿಯಲ್ಲಿ. ದೊಡ್ಡ ಆಳು. ಮೀಸೆ ಈಗಲೂ ಹುರಿಯಾಗಿತ್ತು. ಕಾಲು ಮಾತ್ರ ಬಾತು ಹೊಳೆಯುತ್ತಿತ್ತು. ನಾನು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಗರಡಿಗೆ ಹೊರಟ ಇಬ್ಬರು ಯುವಕರು ಒಳಗೆ ಬಂದು, ಅವರ ಬಲತೋಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ಆ ಗರಡಿಯ ಪದ್ಧತಿ ಅದು. ಮಟ್ಟಿಗೆ, ಅಂದರೆ ಅಖಾಡದ ಕೆಮ್ಮಣ್ಣಿಗೆ, ಇಳಿಯುವ ಮುಂಚೆ ಉಸ್ತಾದರ ರಟ್ಟೆ ಮುಟ್ಟಬೇಕು.

ಮುಟ್ಟುವಂತೆಯೇ ಇತ್ತು ಆ ರಟ್ಟೆ. ಮೈಯೆಲ್ಲ ಸೊರಗಿದ್ದರೂ ಬಲತೋಳಿನಲ್ಲಿ ಮೂಸಂಬಿ ಗಾತ್ರದ ಗುಡ್ಡೆ.

“ಹೆಂಗದೆ ನೋಡಿ,” ಎಂದರು ಸಣ್ಣತಾಯಮ್ಮ. ಅಷ್ಟು ಹೊತ್ತಿಗೆ ಅಳು ಮರೆತಿದ್ದರು. “ವಯಸ್ಸಾಯ್ತಾ ಆಯ್ತಾ ಬೆಳೀತು. ಇದ ಕಂಡು ಆ ಗೂಳಿ ಬೆಟ್ಟಯ್ಯಂಗೆ ಹೊಟ್ಟೆಉರಿ. ಅವ್ನೂ ಇವರ ಜೋಡಿ ಪೈಲ್ವಾನನೇ. ಉಗಾದಿ ಆದ್ಮೇಲೆ ಅವನ ತೋಳೂ ಉಬ್ಬುತಂತೆ, ಗರಡಿಗೆಲ್ಲ ಮೈಸೂರ್‌ಪಾಕು ಹಂಚ್ದ.”

ಪೈಲ್ವಾನರು ಗೋಡೆಯ ಕಡೆ ನೋಡುತ್ತಿದ್ದರು.

ಎದೆಯ ಮೇಲಿನ ಎಣ್ಣೆಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಇ.ಸಿ.ಜಿ. ತಂತಿಗಳನ್ನು ಅಂಟಿಸಿದೆ. ಪೆಟ್ಟಿಗೆ ಕಿರುಗುಟ್ಟುತ್ತ ಕಾಗದ ಉಗುಳಿತು. ಅಲೆಗಳು ಇರುವೆ ಸಾಲಿನಷ್ಟು ಸಣ್ಣಗಿದ್ದವು. ಎಣ್ಣೆ ಹೋಗಿತ್ತು, ಅಲೆ ದೊಡ್ಡದಾಗಲಿಲ್ಲ. ಬಿ.ಪಿ. ನೋಡಿದೆ. ಕೂತಾಗಲೇ ಕಡಿಮೆ, ನಿಲ್ಲಿಸಿದರೆ ಇನ್ನೂ ಕುಸಿಯಿತು. ನಾಡಿ ಹಿಡಿಯಲು ಕೈ ತಿರುಗಿಸಿದಾಗ ಅಂಗೈ ಬುಡದಲ್ಲಿ ಹಳೆಯ ಹೊಲಿಗೆಯ ಗುರುತು ಕಂಡಿತು. ಇನ್ನೊಂದು ಕೈಯಲ್ಲೂ ಇತ್ತು.

“ಇದೇನು ಪೈಲ್ವಾನರೇ?”

“ಜೋಮು ಹಿಡೀತಿತ್ತು ಕಣವ್ವ. ಬೆರಳು ಮರಗಟ್ಟೋವು. ಬಾಳ ವರ್ಸಾಯ್ತು, ಎರಡೂ ಕೊಯ್ದು ನರ ಬಿಡಿಸುದ್ರು. ಗದೆ ಹಿಡಿದ ಕೈಯಲ್ವಾ, ಅಂಗೇ ಆಯ್ತದೆ ಅಂದ್ರು.”

“ಬಲತೋಳು ಮಡಚಿ.”

ಹೆಂಡತಿಯ ಕಡೆ ಒಮ್ಮೆ ನೋಡಿ ಮಡಚಿದರು. ಗುಡ್ಡೆ ಮೇಲೇರಲಿಲ್ಲ. ಮೊಣಕೈ ಕಡೆಗೆ ಜಾರಿ ಕೂತಿತು. ಅದರ ಮೇಲೆ, ಭುಜದ ಹತ್ತಿರ, ಮಾಂಸ ಇರಬೇಕಾದಲ್ಲಿ ಹಳ್ಳ. ತೋಳಿನ ಸ್ನಾಯುವನ್ನು ಭುಜಕ್ಕೆ ಕಟ್ಟುವ ಹುರಿ ಕಿತ್ತುಹೋಗಿ, ಸ್ನಾಯು ಕೆಳಗೆ ಮುದುಡಿಕೊಂಡಿತ್ತು. ಇಡೀ ಗರಡಿ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ಒಂದು ಕಿತ್ತುಹೋದ ಹುರಿಯನ್ನು.

ಬೆಳ್ಳಗಿರುವುದೆಲ್ಲ ಹಾಲಲ್ಲ, ದಪ್ಪಗಿರುವುದೆಲ್ಲ ಶಕ್ತಿಯಲ್ಲ. ನಮ್ಮ ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನು ರಕ್ತದಲ್ಲಿ ಜೀವಸತ್ವ, ಹಾರ್ಮೋನುಗಳನ್ನು ಹೊತ್ತು ತಿರುಗುವ ಕೂಲಿಯಾಳು. ವಯಸ್ಸಾದ ಕೆಲವರಲ್ಲಿ ಅದು ಬಿಚ್ಚಿಕೊಂಡು, ಎಳೆಯೆಳೆಯಾಗಿ ಸಿಕ್ಕಸಿಕ್ಕಲ್ಲಿ ಕೂರುತ್ತದೆ. ಎಷ್ಟೋ ಸಲ ಮೊದಲು ಮಣಿಕಟ್ಟಿನಲ್ಲಿ ಕೂತು ನರ ಹಿಸುಕುತ್ತದೆ. ಹುರಿಗಳಲ್ಲಿ ಕೂತು ಅವನ್ನು ಪೆಡಸು ಮಾಡಿ ಕಿತ್ತುಹಾಕುತ್ತದೆ. ವರ್ಷಗಳು ಕಳೆದ ಮೇಲೆ ಗುಂಡಿಗೆಯ ಗೋಡೆಗೆ ಬರುತ್ತದೆ. ಗಂಜಿ ಹಾಕಿ ಒಣಗಿಸಿದ ಪಂಚೆಯನ್ನು ನೋಡಿ. ದಪ್ಪಗೆ ಕಾಣುತ್ತದೆ, ನೂಲು ಹೆಚ್ಚಾಗಿರುವುದಿಲ್ಲ, ಮಡಚಿದರೆ ಮಡಚದು. ಗಂಜಿ ಹಿಡಿದ ಗುಂಡಿಗೆಯೂ ಹಾಗೇ. ಗೋಡೆ ದಪ್ಪ, ಅದರೊಳಗಿನ ಸ್ನಾಯು ಕಡಿಮೆ, ಅದಕ್ಕೇ ವಿದ್ಯುತ್ತಿನ ಅಲೆ ಸಣ್ಣ. ಬಿಗಿದುಕೊಂಡ ಗುಂಡಿಗೆ ಒಂದು ಬಡಿತಕ್ಕೆ ಸ್ವಲ್ಪವೇ ರಕ್ತ ತುಂಬಿಕೊಳ್ಳುತ್ತದೆ, ಬೇಗ ಬೇಗ ಬಡಿದು ಹೇಗೋ ಸರಿದೂಗಿಸುತ್ತದೆ. ನಮ್ಮ ಡಬ್ಬಿ ಆ ಬಡಿತವನ್ನೇ ನಿಧಾನ ಮಾಡುವ ಮಾತ್ರೆ ಕೊಡುತ್ತಿತ್ತು.

ದಪ್ಪ ಗೋಡೆ, ಸಣ್ಣ ಅಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅನುಮಾನ ಬರುತ್ತಿತ್ತು. ದಪ್ಪಕ್ಕೆ ಪೈಲ್ವಾನಿಕೆ ಕಾರಣವೆಂದಾಯಿತು, ಅಲೆ ಸಣ್ಣಗಿದ್ದುದಕ್ಕೆ ಎಳ್ಳೆಣ್ಣೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಲ್ಲೇ ಕೂತು ಬೇರೆ ಕಾರಣ ಬರೆದೆ. ಬಡಿತ ತಗ್ಗಿಸುವ ಮಾತ್ರೆ ನಿಲ್ಲಿಸಲು, ಬಿ.ಪಿ. ಮಾತ್ರೆ ಇಳಿಸಲು, ನೀರು ಹೊರಹಾಕುವ ಮಾತ್ರೆಯನ್ನು ಹಿಡಿತದಲ್ಲಿ ಕೊಡಲು ಸೂಚಿಸಿದೆ. ‘ಈ ಕಾರಣ ಅಪರೂಪ. ಖಚಿತವೇ?’ ಎಂದು ದೊಡ್ಡವರು ಕೇಳಿದರು. ಹೌದು ಎಂದೆ. ಮತ್ತೆ ಕೇಳಿದರು. ಹುಡುಕದೇ ಬಿಟ್ಟದ್ದು ಯಾವಾಗಲೂ ಅಪರೂಪವೇ ಎಂದು ಬರೆಯುವ ಮನಸ್ಸಾಯಿತು. ಅದಕ್ಕೆ ಜಾಗ ಕೊಟ್ಟಿರಲಿಲ್ಲ.

ಮಾರನೇ ವಾರ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆವು. ಇದೇ ಜಾತಿಯ, ಇದಕ್ಕಿಂತ ಅವಸರದ ಇನ್ನೊಂದು ಕಾಯಿಲೆ ಇದೆ. ಅದಲ್ಲ ಎಂದು ಗೊತ್ತಾಯಿತು. ಆಮೇಲೆ ಮೂಳೆಯ ಸ್ಕ್ಯಾನು. ಮೂಳೆಗೂ ಈ ಗಂಜಿಗೂ ಹೋಗಿ ಅಂಟುವ ಔಷಧವೊಂದನ್ನು ನರಕ್ಕೆ ಕೊಟ್ಟು, ಅದು ಎಲ್ಲಿ ಹೊಳೆಯುತ್ತದೆಂದು ನೋಡುವ ಪರೀಕ್ಷೆ. ಪೈಲ್ವಾನರ ಪಕ್ಕೆಲುಬು ಮಂಕಾಗಿತ್ತು. ಗುಂಡಿಗೆ ಹೊಳೆಯುತ್ತಿತ್ತು. ಗೆದ್ದೆ ಅನಿಸಲಿಲ್ಲ. ಇಷ್ಟು ವರ್ಷ ಯಾರೂ ನೋಡಲಿಲ್ಲವಲ್ಲ ಎಂದು ಸುಸ್ತಾಯಿತು, ಅಷ್ಟೆ.

ಕಂಟ್ರೋಲ್ ರೂಮಿಗೆ ಬಂದು, ಯಂತ್ರಕ್ಕೆ ಪಾಠ ಹೇಳುವ ಸಮಿತಿಗೆ ವಿಷಯ ತಿಳಿಸಿದೆ. ಕೈ ಜೋಮು, ಇಳಿದ ರಟ್ಟೆ, ತಾನಾಗಿ ಇಳಿದ ಬಿ.ಪಿ., ಇವನ್ನೂ ಕೇಳುವಂತೆ ಕಲಿಸಿ, ತಿದ್ದುವ ಮುಂಚಿನ ಅಲೆ ತೋರಿಸಿ ಎಂದೆ. ಸಮಿತಿಯವರು ಸಭ್ಯರು. ಉತ್ತರ ಬೇಗ ಬಂತು. ಒಬ್ಬ ರೋಗಿಯಿಂದ ಗುಂಪಾಗುವುದಿಲ್ಲ, ಗುಂಪಿಲ್ಲದೆ ಯಂತ್ರಕ್ಕೆ ಕಲಿಸಲಾಗದು. ಗುಂಪಾಗಬೇಕಾದರೆ ಯಂತ್ರ ಗುರುತಿಸಬೇಕು, ಯಂತ್ರ ಗುರುತಿಸಬೇಕಾದರೆ ಗುಂಪಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಪೈಲ್ವಾನರ ಮನೆಗೆ ಮತ್ತೆ ಹೋದಾಗ ಕಾಲಿನ ಬಾವು ಇಳಿದಿತ್ತು. ಬಚ್ಚಲಿಗೆ ತಾವೇ ನಡೆದು ಹೋಗುತ್ತಿದ್ದರು. ಸಣ್ಣತಾಯಮ್ಮ ನನಗೆ ಕಾಫಿಯ ಜೊತೆ ಚಕ್ಕುಲಿ ಇಟ್ಟರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಈಗಾಗಲೇ ಕೂತ ಗಂಜಿಯನ್ನು ತೊಳೆಯಲಾಗುವುದಿಲ್ಲ. ಹೊಸದಾಗಿ ಕೂರುವುದನ್ನು ನಿಧಾನ ಮಾಡುವ ಮಾತ್ರೆ ಇದೆ, ಶುರು ಮಾಡುತ್ತೇವೆ. ಬೇಗ ಗೊತ್ತಾಗಿದ್ದರೆ ಇನ್ನೂ ಹೆಚ್ಚು ಉಳಿಸಿಕೊಳ್ಳಬಹುದಿತ್ತು. ಕೊನೆಗೆ ಹೇಳಲೇಬೇಕಾದದ್ದನ್ನು ಹೇಳಿದೆ. “ತೋಳಿನ ಗುಡ್ಡೆ ಶಕ್ತಿಯಲ್ಲ ಪೈಲ್ವಾನರೇ. ಹುರಿ ಕಿತ್ತುಹೋಗಿದೆ.”

“ಗೊತ್ತು,” ಎಂದರು ಅವರು.

ಸಣ್ಣತಾಯಮ್ಮ ತಿರುಗಿ ನೋಡಿದರು.

“ಕಿತ್ತೋದ್ ದಿನ ಟಪ್ ಅಂತು. ಬಾವೀಲಿ ಬಿಂದ್ಗೆ ಎತ್ತತಿದ್ದೆ. ತೋಳಿನ ಕಸುವು ಹೋಗಿದ್ದು ತೋಳಿರೋನಿಗೆ ಗೊತ್ತಾಗಾಕಿಲ್ವಾ? ಪೈಲ್ವಾನ ನೋವು ಅಂದ್ರೆ ಗರಡಿ ಮಾನ ಹೋಯ್ತದೆ ಅಂತ ನುಂಗ್ಕಂಡೆ. ಗುಡ್ಡೆ ಎದ್ದ ಮೇಲೆ ಹುಡುಗ್ರು ಬಂದು ಮುಟ್ಟಿ ಕಣ್ಗೊತ್ಕಂಡ್ರು. ಆಮ್ಯಾಕೆ ಏನಂತ ಹೇಳ್ಲಿ?”

“ನಂಗೂ ಹೇಳ್ನಿಲ್ವಲ್ಲ!” ಸಣ್ಣತಾಯಮ್ಮ ಗಂಡನ ಎದುರು ಬಂದು ನಿಂತರು. “ಎಡಗೈಲಿ ಯಾಕೆ ಚೊಂಬು ಎತ್ತೀರಿ ಅಂದ್ರೆ ಮಾದಪ್ಪಂಗೆ ಹರ್ಕೆ ಅಂದ್ರಿ. ನಾನು ನಂಬ್ಕಂಡು ಬಲಗೈಗೆ ಅರಿಸಿನದ ದಾರ ಕಟ್ದೆ.”

ಪೈಲ್ವಾನರು ತಲೆ ತಗ್ಗಿಸಿದರು. ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಮಾತು ಬದಲಿಸಲೆಂದು ಸಮಿತಿಯ ಉತ್ತರದ ವಿಷಯ ಹೇಳಿದೆ. ನಿಮ್ಮೊಬ್ಬರಿಂದ ಗುಂಪಾಗಲಿಲ್ಲವಂತೆ ಎಂದೆ.

ಅವರು ಎದುರಿನ ಗರಡಿಯ ಬಾಗಿಲನ್ನು ನೋಡಿದರು. “ಬೆಟ್ಟಯ್ಯಂಗೂ ಉಗಾದಿ ಆದ್ಮೇಲೆ ಎದ್ದದೆ, ಅಲ್ವಾ?” ಎಂದು ಹೆಂಡತಿಯನ್ನು ಕೇಳಿದರು. ಆಕೆ ಹೂಂ ಎಂದರು. “ಹಂಗಾರೆ ಭಾನುವಾರ ನಿಮ್ಮ ಪೆಟ್ಗೆ ತತ್ತೀರಾ ಡಾಕ್ಟ್ರಮ್ಮ? ಗರಡೀಗೆ.”

ಭಾನುವಾರ ಬೆಳಗ್ಗೆ ಗರಡಿಯಲ್ಲಿ ಎಲ್ಲರೂ ಇದ್ದರು. ಮಟ್ಟಿಗೆ ಅರಿಸಿನ, ನಿಂಬೆರಸ, ಎಳ್ಳೆಣ್ಣೆ ಬೆರೆಸಿ ಹದ ಮಾಡಿದ್ದರು, ಇಡೀ ಜಾಗ ಘಮಘಮ ಎನ್ನುತ್ತಿತ್ತು. ಹಳೆಯ ಪೈಲ್ವಾನರು ಗೋಡೆ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ನಡುವೆ ಬಿಳಿ ಅಂಗಿಯ ತೋಳನ್ನು ಭುಜದವರೆಗೂ ಮಡಚಿ, ತಮ್ಮ ಗುಡ್ಡೆಯನ್ನು ಪ್ರದರ್ಶನಕ್ಕಿಟ್ಟು ಕೂತವರೇ ಗೂಳಿ ಬೆಟ್ಟಯ್ಯ. ಎಲ್ಲರ ಎದೆಯ ಮೇಲೂ ಬಿಲ್ಲೆ ಇತ್ತು. ಎಲ್ಲರ ಅಲೆಯೂ ಎಣ್ಣೆಯ ಹೆಸರಿನಲ್ಲಿ ತಿದ್ದಿಸಿಕೊಂಡು ನನ್ನ ಪರದೆಗೆ ಬರುತ್ತಿತ್ತು.

ಚಿಕ್ಕಜವರಯ್ಯ ಹೆಂಡತಿಯ ಭುಜ ಹಿಡಿದು ಮಟ್ಟಿಗೆ ಇಳಿದರು. ಬೆಟ್ಟಯ್ಯ ಕಟ್ಟೆಯಿಂದಲೇ ಕೂಗಿದರು, “ಏನ್ಲಾ ಜವರ, ಜೋಡಿ ಕಟ್ಟಾಕೆ ಬಂದ್ಯಾ? ಈಗ ನಂದೂ ಅದೆ ನೋಡು ತೋಳು!” ಎಲ್ಲರೂ ನಕ್ಕರು.

ಜವರಯ್ಯ ನಗಲಿಲ್ಲ. ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಮೂಲೆಯಲ್ಲಿದ್ದ ಗದೆಗಳಲ್ಲಿ ತೀರಾ ಚಿಕ್ಕದನ್ನು, ಹೊಸಬರಿಗೆ ಕೊಡುವುದನ್ನು, ಬಲಗೈಯಲ್ಲಿ ಹಿಡಿದರು. ಸೊಂಟದವರೆಗೆ ಬಂದ ಗದೆ ಅಲ್ಲಿಂದ ಮೇಲೇರಲಿಲ್ಲ. ತೋಳಿನ ಗುಡ್ಡೆ ಎಲ್ಲರ ಕಣ್ಣೆದುರೇ ಮೊಣಕೈಗೆ ಜಾರಿತು, ಗದೆ ಮಣ್ಣಿಗೆ ಬಿತ್ತು. ನಿನ್ನೆಯವರೆಗೂ ಆ ತೋಳನ್ನು ಕಣ್ಣಿಗೊತ್ತಿಕೊಂಡವರು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದರು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ಜಾಗದಲ್ಲೇ ಇರಬೇಕು. ಜವರಯ್ಯ ನಿಧಾನವಾಗಿ ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು, ತಮ್ಮ ಹುರಿಮೀಸೆಗೆ ತಾವೇ ಸವರಿಕೊಂಡರು.

“ನೋಡ್ರಪ್ಪ, ಮಣ್ಣಾಯ್ತು. ಈಗ ಮರ್ಯಾದೆ ಮಾತು ಬ್ಯಾಡ. ಇದು ಶಕ್ತಿ ಅಲ್ಲ, ಕಾಯ್ಲೆ. ಗುಂಡ್ಗೇಲೂ ಕೂತದೆ. ಬಾಯಿ ಮುಚ್ಕಂಡು ಕೂತು ನಾನೇ ಬೆಳೆಸ್ಕಂಡೆ.” ಉಸಿರು ತೆಗೆದುಕೊಳ್ಳಲು ನಿಂತರು. ಆಮೇಲೆ ಕಟ್ಟೆಯ ಕಡೆ ನೋಡಿದರು. “ಲೇ ಬೆಟ್ಟ. ಅಂಗೈ ಜೋಮು ಹಿಡೀತದೇನ್ಲಾ?”

ಬೆಟ್ಟಯ್ಯನವರ ಮುಖದಲ್ಲಿ ನಗು ಇನ್ನೂ ಇತ್ತು, ಅದಕ್ಕೆ ಎಲ್ಲಿ ಹೋಗಬೇಕೆಂದು ಗೊತ್ತಾಗುತ್ತಿರಲಿಲ್ಲ. ಮಡಚಿದ್ದ ತೋಳನ್ನು ಮೆಲ್ಲಗೆ ಕೆಳಗಿಳಿಸಿದರು.

“ಮೆಟ್ಲು ಹತ್ತುದ್ರೆ ಉಸಿರು ಕಟ್ತದೇನ್ಲಾ? ತೋಳು ಎದ್ದ ದಿನ ಒಳಗೆ ಟಪ್ ಅಂತೇನ್ಲಾ?”

ಬೆಟ್ಟಯ್ಯನವರ ಕಣ್ಣು ತುಂಬಿತು. ಐವತ್ತು ವರ್ಷ ಒಬ್ಬರನ್ನೊಬ್ಬರು ಕೆಡವಲು ನೋಡಿದವರು. ಒಬ್ಬರ ಮೈಯಲ್ಲಿ ಏನಾಗುತ್ತಿದೆ ಎಂದು ಇನ್ನೊಬ್ಬರಿಗೆ ಗೊತ್ತಾದಷ್ಟು ನಮ್ಮ ಬಿಲ್ಲೆಗೂ ಗೊತ್ತಾಗಿರಲಿಲ್ಲ.

“ಹೂಂ ಕಣ್ಲಾ,” ಎಂದರು ಬೆಟ್ಟಯ್ಯ. ಬಹಳ ಸಣ್ಣ ದನಿಯಲ್ಲಿ.

ಕಟ್ಟೆ ಇಳಿದು ಬಂದು ಅವರೂ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಮೀಸೆಗೆ ಹಚ್ಚಿಕೊಂಡರು. ಅಂಗಿ ಬಿಚ್ಚಿ ನನ್ನ ಮುಂದೆ ಕೂತು, “ಹಚ್ಚವ್ವ ನಿನ್ನ ಯಂತ್ರವ,” ಎಂದರು. ನಾನು ಹತ್ತಿಗೆ ಸ್ಪಿರಿಟ್ ಹಾಕಿ ಅವರ ಎದೆಯ ಎಣ್ಣೆ ಒರೆಸತೊಡಗಿದೆ. ತಲೆ ಎತ್ತಿದಾಗ ಕಟ್ಟೆಯ ತುದಿಯಲ್ಲಿ ಇನ್ನೊಬ್ಬರು ಅಂಗಿಯ ಗುಂಡಿ ಬಿಚ್ಚುತ್ತಿದ್ದರು.